ಹೆಳವರು ಬಂದು ನಮ್ಮ ಮನಿ ವಂಶಾವಳಿ ಓದಿದ್ರು: ಎಷ್ಟು ಕೊಟ್ವಿ, ಏನು ಸಿಕ್ತು, ಏನು ಸಿಗಲಿಲ್ಲ

ಹೋದ ಸುಗ್ಗಿ ಮುಗಿದ ಮ್ಯಾಲೆ ನಮ್ಮ ಹಳ್ಳಿ ಮನಿಗೆ ಹೆಳವರು, ಅಂದ್ರ ಮನಿಮನಿ ವಂಶಾವಳಿ ಬರ್ದಿಟ್ಕೊಂಡು ಓದೋ ಮಂದಿ, ಬಂದಿದ್ರು, ಕಟ್ಟಿ ಮ್ಯಾಲೆ ಕುಂತು ನಮ್ಮ ಮನೆತನದ ಏಳು ತಲಿ ಓದಿ ಹೋದ್ರು. ಅದನ್ನ ನಾನು ಸ್ಟೇಟಸ್ ಹಾಕಿದಾಗಿಂದ ನಾಕೈದು ಮಂದಿ ಕೇಳಾಕತ್ಯಾರ, ಎಷ್ಟು ಕೊಡಬೇಕು, ಅವರು ಹೇಳೋದು ಖರೇ ಇರ್ತೈತೇನು, ಎಲ್ಲಿ ಸಿಗ್ತಾರ, ನಮ್ಮ ಮನಿದೂ ಇರ್ತೈತೇನು ಅಂತ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಒಂದ ಕಡಿ ಬರ್ದು ಹಾಕಿದ್ರ ಛಲೋ ಅನ್ನಿಸ್ತು, ಸ್ವಲ್ಪ ಉದ್ದ ಆಗ್ತೈತಿ, ಓದ್ರಿ.

ನಾನಿರೋದು ಕೊಪ್ಪಳ ಸಿಟಿ, ನಮ್ಮ ತವರು ಕುಷ್ಟಗಿ ತಾಲೂಕಿನ ಒಂದು ಸಣ್ಣ ಹಳ್ಳಿ. ಇದೆಲ್ಲಾ ಶುರು ಆಗಿದ್ದು ಹೊಲದ ಕಾಗದಕ್ಕ. ಅಪ್ಪ ತೀರ್ಕೊಂಡು ಎರಡು ವರ್ಷ ಆತು, ಪಹಣಿ ಇನ್ನೂ ಅಜ್ಜನ ಹೆಸರಿನ್ಯಾಗ ಇತ್ತು, ಪೌತಿ ಖಾತೆ, ಅಂದ್ರ ತೀರಿದವರ ಹೆಸರಿನ ಹೊಲ ವಾರಸುದಾರರ ಹೆಸರಿಗೆ, ಮಾಡಿಸ್ಬೇಕಂದ್ರ ವಂಶಾವಳಿ ಬೇಕಂದ್ರು. ನಾಡಕಚೇರಿ ಅರ್ಜಿಗೆ ಅಜ್ಜಗ ಎಷ್ಟು ಮಂದಿ ಮಕ್ಕಳು, ಯಾರು ಇದ್ದಾರ, ಯಾರು ಇಲ್ಲ, ಎಲ್ಲಾ ಬರೀಬೇಕು. ಬರ್ಯಾಕ ಕುಂತ್ರ ನಮ್ಮಣ್ಣ ಒಂದು ಹೇಳ್ತಾನ, ಕಾಕಾ ಒಂದು ಹೇಳ್ತಾನ. ಅಜ್ಜನ ಅಣ್ಣ ಒಬ್ರಿದ್ರು, ಅವರು ಬ್ಯಾರೆ ಊರಿಗೆ ಹೋಗಿ ಅಲ್ಲೇ ಉಳದ್ರು ಅನ್ನೋದು ಅವತ್ತ ನಂಗ ಗೊತ್ತಾಗಿದ್ದು. ನಲವತ್ತು ವರ್ಷ ಆ ಮನ್ಯಾಗ ಓಡಾಡಿ ನಮ್ಮ ಅಜ್ಜಗ ಒಬ್ಬ ಅಣ್ಣ ಇದ್ದ ಅನ್ನೋದ ಗೊತ್ತಿಲ್ಲಂದ್ರ ಹೆಂಗ? ಆ ಅರ್ಜಿ ಕೆಲಸ ಎರಡು ತಿಂಗಳದಾಗ ಮುಗೀತು, ಆದ್ರ ನನ್ನ ತಲ್ಯಾಗ ಕೆಲಸ ಮುಗೀಲಿಲ್ಲ. ಸಂಡೆ ಬಂತಂದ್ರ ಒಂದು ನೋಟ್‌ಬುಕ್ ತಗೊಂಡು ಯಾರ್ಯಾರದೋ ಮನಿಗೆ ಹೋಗಿ ಕುಂತ್ಕೊಳ್ಳೋದು, ಅತ್ತಿಗೆ ಫೋನ್ ಹಚ್ಚಿ ಕೇಳೋದು, ಇದ ಆತು.

ಹಿಂಗ ಕೇಳ್ತಾ ಕೇಳ್ತಾ ಕಾಕಾನ ಹೇಳಿದ್ದು, ಇದನ್ನೆಲ್ಲಾ ನಮ್ಮನ್ನ್ಯಾಕ ಕೇಳ್ತೀಯವಾ, ಹೆಳವರು ಬರ್ತಾರ, ಅವರ ಪುಸ್ತಕದಾಗ ಐತಿ, ಅಂತ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹೆಳವ ಅಂದ್ರ ಕಾಲಿಲ್ಲದವ ಅಂತ ಅರ್ಥ. ಇವರ ಮೂಲಪುರುಷ ಕಾಲಿಲ್ಲದವ ಇದ್ದ, ಬಸವಣ್ಣ ಅವಗ ಎತ್ತು ಕೊಟ್ಟು ಭಕ್ತರ ಮನಿಮನಿಗೆ ಹೋಗಿ ವಂಶ ಹೊಗಳಿ ಬದುಕು ಅಂದ ಅನ್ನೋ ಕಥಿ ಅವರ ಹೇಳ್ತಾರ. ಎತ್ತಿನ ಮ್ಯಾಲೆ ಕುಂತು, ಕಾಲು ಕಾಣದಂಗ ಕಂಬಳಿ ಹೊಚ್ಕೊಂಡು, ಗಂಟಿ ಬಾರಿಸ್ತಾ ಮನಿ ಮುಂದ ಬರ್ತಿದ್ರು ಅಂತ ನಮ್ಮ ಕಡಿ ಹಿರೇರು ಈಗೂ ನೆನಸ್ತಾರ. ಎಡ್ಗರ್ ಥರ್ಸ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ 1909ರಾಗ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ತಂದಾರ, ಅದರಾಗೂ ಬಳ್ಳಾರಿ ಕಡಿ ಹೆಳವರ ಬಗ್ಗೆ ಹಿಂಗ ಐತಿ, ಎತ್ತು, ಕಂಬಳಿ, ಮನಿಮನಿ ಚರಿತ್ರೆ ಹೇಳೋದು, ಎಲ್ಲಾ. ಉತ್ತರದ ಕಡಿ ಹರಿದ್ವಾರದಾಗ ಪಂಡಾಗಳು ವಹಿ ಇಟ್ಕೊಂಡಿರ್ತಾರಲ್ಲ, ಅಲ್ಲಿಗೆ ಹೋದೋರ ಮನೆತನ ಬರ್ಕೊಳ್ಳೋದು, ಇದೂ ಅಂಥದ. ಫರಕು ಏನಂದ್ರ ಪಂಡಾನ ಹತ್ರ ನಾವು ಹೋಗ್ಬೇಕು, ಹೆಳವ ತಾನ ನಮ್ಮ ಬಾಗಲಿಗೆ ಬರ್ತಾನ.

ಬರ್ತಾನ ಖರೇ, ಯಾವಾಗ ಅಂತ ಯಾರಿಗೂ ಗೊತ್ತಿರಲ್ಲ. ಈ ಸರ್ವೀಸಿನ ಮೊದಲ್ನೇ ತ್ರಾಸು ಇದ. ಫೋನ್ ಮಾಡಿ ಬುಕ್ ಮಾಡೋದು ನಡ್ಯಂಗಿಲ್ಲ. ನಮ್ಮ ಮನಿಗೆ ಹಿಂದಿನ ಸಲ ಬಂದಿದ್ದು ಅಪ್ಪ ಇದ್ದಾಗ, ಆರು ವರ್ಷದ ಹಿಂದ. ಮತ್ತ ಯಾರೋ ಒಬ್ಬ ಹೆಳವ ಸಿಕ್ರ ಆಗಂಗಿಲ್ಲ, ನಿಮ್ಮ ಮನಿ ಹೆಳವನ ಬೇಕು. ಅಪ್ಪನ ಆಸ್ತಿ ಅಣ್ತಮ್ಮಗೋಳು ಹಂಚ್ಕೊಂಡಂಗ ಅವರು ಊರು ಹಂಚ್ಕೊಂಡಿರ್ತಾರ, ಮನೆತನ ಹಂಚ್ಕೊಂಡಿರ್ತಾರ. ನಾನು ಊರಾಗ ಕಿರಾಣಿ ಅಂಗಡಿಯವರಿಗೆ, ಗುಡಿ ಪೂಜಾರಿಗೆ, ನಮ್ಮ ಹೊಲ ಮಾಡೋರಿಗೆ ಎಲ್ಲರಿಗೂ ನಂಬರ್ ಕೊಟ್ಟು ಬಂದಿದ್ದೆ, ಹೆಳವರು ಬಂದ್ರ ಒಂದು ಫೋನ್ ಹಚ್ಚ್ರಿ ಅಂತ. ಹತ್ತು ತಿಂಗಳು ಕಾದೆ. ಒಂದಿನ ಮುಂಜಾನಿ ಆರಕ್ಕ ಕಾಕಾನ ಫೋನ್ ಬಂತು, ಹಣಮಪ್ಪನ ಗುಡಿ ಬಯಲಾಗ ಟೆಂಟ್ ಹಾಕ್ಯಾರ, ನಾಳೆ ನಮ್ಮ ಮನಿಗೆ ಬರ್ತಾರಂತ, ಅಂತ. ಅವತ್ತ ರಜಾ ಹಾಕಿ ಸಂಜಿ ಬಸ್ಸಿಗೆ ಹೊಂಟೆ.

ಮುಂಜಾನಿ ಎಂಟಕ್ಕ ಬಂದ್ರು. ಎತ್ತು ಇರಲಿಲ್ಲ, ಟಿವಿಎಸ್ ಎಕ್ಸೆಲ್ ಮ್ಯಾಲೆ ಬಂದ್ರು, ಹಿಂದ ಮಗ ಕುಂತಿದ್ದ, ಅವನ ತೊಡಿ ಮ್ಯಾಲೆ ಕೆಂಪು ಅರವಿಯಾಗ ಸುತ್ತಿದ್ದ ಪುಸ್ತಕ. ಗಂಟಿ ಮಾತ್ರ ಇತ್ತು, ಬಾಗಲ ಮುಂದ ನಿಂತು ಬಾರಿಸಿದ್ರು. ಎಪ್ಪತ್ತು ದಾಟಿರಬೇಕು ಅವರಿಗೆ, ಹಳದಿ ರುಮಾಲು, ದಪ್ಪ ಚಾಳೀಸು. ಅವ್ವ ಕಾಲಿಗೆ ನೀರು ಕೊಟ್ಲು, ಕಟ್ಟಿ ಮ್ಯಾಲೆ ಕಂಬಳಿ ಹಾಸಿದ್ವಿ, ಪುಸ್ತಕಕ್ಕ ವಿಭೂತಿ, ಕುಂಕುಮ, ಹೂ ಏರ್ಸಿ ಕಾಯಿ ಒಡದ್ರು. ಅದು ಆದ ಮ್ಯಾಲೇನ ಅರವಿ ಬಿಚ್ಚೋದು. ಓಣಿ ಮಂದಿ ಎಲ್ಲಾ ಬಂದು ನಿಂತ್ಕೊಂಡ್ರು.

ಪುಸ್ತಕ ಅಂದ್ರ ಲೆಕ್ಕದ ಪುಸ್ತಕ ಇದ್ದಂಗ ಉದ್ದಂದು, ಹಾಳಿ ಅಂಚು ಎಲ್ಲಾ ಕಂದು ತಿರಗ್ಯಾವ, ಮುಟ್ಟಿದ್ರ ಒಣ ಎಲಿ ಸದ್ದು ಬರ್ತೈತಿ. ಹಳೇ ಪುಸ್ತಕ ಶಿಥಿಲ ಆತಂದ್ರ ಹೊಸಾದಕ್ಕ ನಕಲು ಮಾಡ್ತಾರಂತ, ಇದು ಅವರ ಅಪ್ಪ ಬರ್ದಿದ್ದು. ಮೊದಲಿನ ಪುಟ ಕಪ್ಪು ಮಸಿ, ನಡುವ ನೀಲಿ ಮಸಿ, ಕಡೀಕ ಬಾಲ್ ಪೆನ್. ನಮ್ಮಪ್ಪನ ಹೆಸರು ಬಾಲ್ ಪೆನ್ನಿಲೆ ಇತ್ತು. ಅದರ ಕೆಳಗ ನಮ್ಮಣ್ಣಂದು. ಅಲ್ಲಿಗೆ ಮುಗೀತು.

ಓದಾಕ ಶುರು ಮಾಡಿದ್ರು ನೋಡ್ರಿ, ನಂಗ ಮೈಯಾಗ ಝುಂ ಅಂತು. ಓದೋದಲ್ಲ ಅದು, ಹಾಡೋದೂ ಅಲ್ಲ, ಎರಡರ ನಡುವಿಂದು. ಮೂಲ ಗ್ರಾಮ ಯಾವುದು, ಮನಿ ದೇವರು ಯಾವುದು, ಬೆಡಗು (ಗೋತ್ರ ಇದ್ದಂಗ) ಯಾವುದು, ಇಂಥವನ ಮಗ ಇಂಥವ, ಅವನ ಹೊಟ್ಟಿಲೆ ನಾಕು ಮಂದಿ, ಹಿರೇವ ಇಂಥಲ್ಲಿ ಉಳದ, ಎರಡನೇವ ಇಂಥಲ್ಲಿಗೆ ಹೋದ, ಒಂದ ಉಸರಿನ್ಯಾಗ. ಹೆಸರು ನಾನಿಲ್ಲಿ ಬರಿಯಂಗಿಲ್ಲ, ಮನಿ ಮಂದಿ ಬ್ಯಾಡಂದಾರ. ಅಜ್ಜನ ಹೆಸರು ಮೊಮ್ಮಗಗ ಇಡೋ ಪದ್ಧತಿ ನಮ್ಮಲ್ಲಿ ಇದ್ದದ್ದಕ್ಕ ಎರಡು ಹೆಸರ ಮತ್ತಮತ್ತ ಬರ್ತಾವ, ಯಾವ ತಲಿದು ಅಂತ ತಿಳಿಯಂಗಿಲ್ಲ, ಅದಕ್ಕ ಮೊಬೈಲಿನ್ಯಾಗ ರೆಕಾರ್ಡ್ ಮಾಡ್ಕೊಂಡಿದ್ದು ಛಲೋ ಆತು. ರೆಕಾರ್ಡ್ ಮಾಡಾಕ ಒಪ್ಪಿದ್ರು, ಪುಟದ ಫೋಟೋ ತಗಿಯಾಕ ಒಪ್ಪಲಿಲ್ಲ. ನಂಗ ಮೊದ್ಲ ಸಿಟ್ಟ ಬಂತು. ಆಮ್ಯಾಲೆ ಅವರ ಹೇಳಿದ್ರು, ಯವ್ವಾ, ಇದು ನಮ್ಮ ಹೊಲ ಇದ್ದಂಗ, ಫೋಟೋ ಹೊಡದು ನೀ ಮನ್ಯಾಗ ಇಟ್ಕೊಂಡ್ರ ಮುಂದ ನನ್ನ ಮಗನ್ನ ಯಾರು ಕರೀತಾರ, ಅಂತ. ಅದು ನ್ಯಾಯದ ಮಾತು. ಕೇಳಿ ಮೊಬೈಲ್ ಒಳಗಿಟ್ಟೆ, ನೀವೂ ಒತ್ತಾಯ ಮಾಡ್ಬ್ಯಾಡ್ರಿ.

ಅಜ್ಜನ ಅಣ್ಣ ಪುಸ್ತಕದಾಗ ಇದ್ರು. ಹೆಸರು, ಹೋದ ಊರು, ಅಲ್ಲಿ ಹುಟ್ಟಿದ ಮೂರು ಮಂದಿ ಗಂಡು ಮಕ್ಕಳ ಹೆಸರು ಸಮೇತ. ನಾಡಕಚೇರಿ ಅರ್ಜಿ ಬರಿಯುವಾಗ ಇಡೀ ಮನಿ ಕೂಡಿ ನೆನಪು ಮಾಡ್ಕೊಂಡ್ರೂ ಸಿಗದಿದ್ದು ಅರ್ಧ ಗಂಟೇದಾಗ ಸಿಕ್ತು. ಕಾಕಾ ಅಲ್ಲೇ ಕಣ್ಣು ಒರಸ್ಕೊಂಡ.

ಇನ್ನ ಖರೇ ಹೇಳ್ತಾರೇನು ಅನ್ನೋ ಪ್ರಶ್ನೆ. ಓದುವಾಗ ಒಂದು ಮಾತು ಬಂತು, ಧಾತು ಸಂವತ್ಸರದಾಗ ಮಳಿ ಹೋಗಿ, ಮೂಲ ಗ್ರಾಮ ಬಿಟ್ಟು, ಗದಗ ಕಡಿಂದ ಈ ಊರಿಗೆ ಬಂದ್ರು, ನಮ್ಮ ಅಜ್ಜನ ಅಜ್ಜ ಆಗಿನ್ನೂ ಕಂಕುಳ ಕೂಸು, ಅಂತ. ಹೆಳವರ ಲೆಕ್ಕದಾಗ ಇಸವಿ ಇಲ್ಲ, ಸಂವತ್ಸರ ಅಷ್ಟ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರಗಿ ಬರ್ತಾವ, ಧಾತು 1876ಕ್ಕೂ ಬಂದೈತಿ, 1936ಕ್ಕೂ ಬಂದೈತಿ. ಯಾವ ಧಾತು? 1876ರಿಂದ 78ರ ತನಕ ಇಡೀ ದಖ್ಖನ್ನಿಗೆ ಬಿದ್ದ ಬರಕ್ಕ ಹಿರೇರು ಧಾತು ಈಶ್ವರ ಬರ ಅಂತಿದ್ರು, ಧಾತು ಆದ ಮ್ಯಾಲೆ ಬರೋದು ಈಶ್ವರ ಸಂವತ್ಸರ, ಎರಡೂ ವರ್ಷ ಮಳಿ ಇಲ್ಲ. ನನ್ನ ಮನಸು ಅದ ಅಂತಿತ್ತು, ಆದ್ರ ಮನಸು ಅಂದ್ರ ಸಾಕೇನು, ಸಾಕ್ಷಿ ಬೇಕು.

ಸಾಕ್ಷಿ ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ಇತ್ತು. ನಮ್ಮ ಕೊಪ್ಪಳ ನಿಜಾಮರ ಸೀಮಿ, ಸಾಲಾರ್ ಜಂಗ್ ನವಾಬರ ಜಾಗೀರು ಇತ್ತು, ಈ ಭಾಗದ ಹಳೇ ಕಾಗದ ಉರ್ದುದಾಗ ಇರ್ತಾವ. ಟ್ರಂಕಿನ್ಯಾಗ ಅಂಗೈ ಅಗಲದ ಒಂದು ಪಾವತಿ ಇತ್ತು, ಯಾರಿಗೂ ಓದಾಕ ಬರ್ತಿರಲಿಲ್ಲ, ಅಪ್ಪ ಅದನ್ನ ಒಗದಿರಲಿಲ್ಲ ಅಷ್ಟ. ಕೊಪ್ಪಳದಾಗ ರಿಟೈರ್ಡ್ ಉರ್ದು ಮಾಸ್ತರ್ ಒಬ್ರು ಅದಾರ, ಅವರ ಹತ್ರ ಒಯ್ದೆ. ಚಹಾ ಕುಡಿಸಿ, ಭೂತಕನ್ನಡಿ ಹಿಡದು ನಿಧಾನಕ್ಕ ಓದಿದ್ರು. ನಮ್ಮ ಮುತ್ತಜ್ಜನ ಹೆಸರು, ಹೊಲದ ಸರ್ವೆ ನಂಬರು, ಕಟ್ಟಿದ ರೊಕ್ಕ, ಕೆಳಗ ಫಸಲಿ 1340, ಅಂದ್ರ ಆಗಿನ ಕಂದಾಯದ ಲೆಕ್ಕದ ವರ್ಷ. ಫಸಲಿಗೆ 590 ಕೂಡಿಸ್ಬೇಕು, ಅಂದ್ರ 1930. 1930ರಾಗ ಈ ಊರಿನ ಹೊಲಕ್ಕ ನಮ್ಮ ಮುತ್ತಜ್ಜ ಕಂದಾಯ ಕಟ್ಯಾನಂದ ಮ್ಯಾಲೆ 1936ರ ಧಾತು ಆಗಾಕ ಸಾಧ್ಯ ಇಲ್ಲ. ಹೆಳವರ ಪುಸ್ತಕ ಹೇಳಿದ್ದು 1876. ಆ ಸರ್ವೆ ನಂಬರ್ ಈಗಿನ ಪಹಣಿಗೂ ತಾಳಿ ಆತು. ನಾನು ಮಾಸ್ತರ ಮನಿಯಿಂದ ಹೊರಗ ಬಂದು ಗಾಡಿ ಚಾಲೂ ಮಾಡದ ಹಂಗ ನಿಂತಿದ್ದೆ ಎಷ್ಟೋ ಹೊತ್ತು. ಪುಸ್ತಕದಾಗಿನ ಒಂದು ಶಬ್ದ, ಟ್ರಂಕಿನ್ಯಾಗಿನ ಒಂದು ಚೀಟಿ, ಎರಡೂ ಒಂದನ್ನೊಂದು ನೋಡಿಲ್ಲ, ಎರಡೂ ಒಂದ ಹೇಳ್ತಾವ.

ಬಳ್ಳಾರಿ ಕಡಿಯವರಿಗೆ ಒಂದು ಮಾತು, ನಿಮ್ಮ ಭಾಗ 1800ರಾಗ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದು, ಆಮ್ಯಾಲೆ 1953ರ ತನಕ ಮದ್ರಾಸ್ ಕಡಿ ಇತ್ತು, ಹಂಗಾಗಿ ನಿಮಗ ಉರ್ದು ಮಾಸ್ತರ್ ಬೇಕಾಗಂಗಿಲ್ಲ, ತೆಲುಗು ಇಂಗ್ಲಿಷ್ ಓದೋರು ಬೇಕಾಗ್ತಾರ.

ತಪ್ಪೂ ಇದ್ವು, ಮುಚ್ಚಿಡಂಗಿಲ್ಲ. ಕಾಕಾನ್ನ ಹಿರೇಮಗ ಅಂತ ಬರ್ದಿದ್ರು, ಹಿರೇಮಗ ನಮ್ಮಪ್ಪ. ಹೇಳಿದ ಕೂಡ್ಲೆ ತಿದ್ದಿದ್ರು. ಹಿಂದಿನ ತಲಿದಾಗ ಇಂಥಾ ತಪ್ಪು ಇದ್ರ ತಿದ್ದೋರು ಯಾರದಾರ, ಅದಕ್ಕ ಪುಸ್ತಕ ಒಂದನ್ನ ನಂಬಿ ಕೂಡ್ಬ್ಯಾಡ್ರಿ, ಕಾಗದ ಸಿಕ್ರ ತಾಳಿ ನೋಡ್ರಿ.

ರೊಕ್ಕದ ವಿಚಾರ. ಫಿಕ್ಸ್ ರೇಟ್ ಅಂತ ಇಲ್ಲ. ನಾವು ಐದು ಸಾವಿರ ರೊಕ್ಕ, ಒಂದು ಚೀಲ ಬಿಳಿ ಜ್ವಾಳ, ಅವರಿಗೊಂದು ಧೋತ್ರ, ಅವರ ಮನಿಯಾಕಿಗೊಂದು ಸೀರಿ ಕೊಟ್ವಿ. ಮೊದ್ಲ ಆಕಳ ಕರಾ, ತಾಮ್ರದ ಕೊಡ ಕೊಡ್ತಿದ್ರಂತ. ಪಕ್ಕದ ಮನಿಯವರು ಎರಡು ಸಾವಿರ ಕೊಟ್ರು, ಅವರಿಗೂ ಅಷ್ಟ ಪ್ರೀತಿಲೆ ಓದಿದ್ರು. ಮೂರೂವರೆ ತಾಸು ಕುಂತಿದ್ರು, ನಡುವ ಚಹಾ, ಕಡೀಕ ಊಟ, ಹೋಳಿಗಿ ಮಾಡಿದ್ವಿ. ಈ ಮೂರೂವರೆ ತಾಸಿಗೆ ಐದು ಸಾವಿರ ನಂಗಂತೂ ಕಡಿಮಿ ಅನ್ನಿಸ್ತು. ನೀವು ಕರದ್ರ ಮನ್ಯಾಗಿನ ಹಿರೇರನ್ನ ಪಕ್ಕದಾಗ ಕುಂದ್ರಸ್ರಿ, ಹೆಸರು ಬಂದಂಗ ಅವರ ಬಾಯಾಗ ಹಳೇ ಸುದ್ದಿ ತಾನ ಬರ್ತೈತಿ, ನಂಗ ಅರ್ಧ ಮಾಹಿತಿ ಅವ್ವನ ಬಾಯಿಂದ ಅವತ್ತ ಸಿಕ್ಕಿದ್ದು. ಮೊಬೈಲ್ ಫುಲ್ ಚಾರ್ಜ್ ಇರಲಿ. ಎಲ್ಲಾ ಆದ ಮ್ಯಾಲೆ ನಾನು ಫ್ಯಾಮಿಲಿಸರ್ಚ್ ಅನ್ನೋ ಆ್ಯಪಿನ್ಯಾಗ ಹಾಕಿಟ್ಟೀನಿ, ಅಮೆರಿಕಾದ ಒಂದು ಚರ್ಚಿನವರು ನಡಸ್ತಾರ, ಫ್ರೀ ಐತಿ, ಬದುಕಿದ್ದವರ ಹೆಸರು ಹೊರಗಿನವರಿಗೆ ಕಾಣಂಗಿಲ್ಲ, ಬೆಂಗಳೂರಾಗಿರೋ ನಮ್ಮ ಹುಡುಗರಿಗೆ ತೋರ್ಸಾಕ ಅನುಕೂಲ ಆತು.

ಈಗ ನಂಗ ಭಾಳ ಚುಚ್ಚಿದ ಮಾತಿಗೆ ಬರ್ತೀನಿ.

ಧಾತು ಬರದ ಸಾಲು ಓದಿ ಮುಗಿಸಿದಾಗ ನಾನು ಕೇಳ್ದೆ, ಅಜ್ಜಾರ, ಆ ಕೂಸನ್ನ ಕಂಕುಳಾಗ ಹೊತ್ಕೊಂಡು ಗದಗ ಕಡಿಂದ ನಡ್ಕೋತ ಬಂದಾಕಿ ಹೆಸರೇನ್ರಿ? ಅವರು ಪುಟ ಮ್ಯಾಲೆ ಕೆಳಗ ನೋಡಿದ್ರು. ಅದಿಲ್ರಿ ಯವ್ವಾ, ಅಂದ್ರು.

ಏಳು ತಲಿದಾಗ ಒಬ್ಬ ಹೆಣಮಗಳ ಹೆಸರೂ ಇರಲಿಲ್ಲ. ನಮ್ಮ ಮನಿ ಪುಟದ ಮಾತು ಹೇಳಾಕತ್ತೀನಿ, ಬ್ಯಾರೆ ಮನಿದು ನಾ ನೋಡಿಲ್ಲ. ಅವ್ವ ಅಲ್ಲೇ ಬಾಗಲಾಗ ನಿಂತಿದ್ಲು, ಹೋಳಿಗಿ ಹಿಟ್ಟು ಕೈಗೆ ಹತ್ತಿತ್ತು, ಆ ಮನಿಗೆ ಬಂದು ನಲವತ್ತೈದು ವರ್ಷ ಆತು, ಆಕಿ ಹೆಸರಿಲ್ಲ. ನಂದೂ ಇಲ್ಲ. ನಾಡಕಚೇರಿ ವಂಶಾವಳಿದಾಗ ನನ್ನ ಹೆಸರು ಅಣ್ಣನ ಹೆಸರಿನ ಕೆಳಗ ಐತಿ, ಬಿಡಾಕ ಬರಂಗಿಲ್ಲ, ನಮ್ಮ ರಾಜ್ಯದಾಗ 1994ರಿಂದ, ಇಡೀ ದೇಶಕ್ಕ 2005ರಿಂದ ಕಾಯ್ದೆ ಆಗೈತಿ, ಹೆಣಮಕ್ಕಳಿಗೂ ಪಿತ್ರಾರ್ಜಿತದಾಗ ಹುಟ್ಟಿನಿಂದ ಹಕ್ಕು ಐತಿ ಅಂತ. ಪುಸ್ತಕಕ್ಕ ಇನ್ನೂ ಆ ಕಾಯ್ದೆ ಮುಟ್ಟಿಲ್ಲ.

ಅವತ್ತ ಸಂಜಿಕ ನಾನು, ಅವ್ವ ಕೂಡಿ ಅಡಗಿ ಮನಿ ಅಟ್ಟ ಇಳಿಸಿದ್ವಿ. ನಮ್ಮಲ್ಲಿ ಅಜ್ಜಿಗೆ ಅಮ್ಮ ಅಂತೀವಿ. ಅಮ್ಮಂದು ಸಣ್ಣ ವಯಸ್ಸಿಗೆ ತೀರಿಹೋಗಿದ್ದು, ತವರು ಲಿಂಗಸುಗೂರು ಕಡಿ ಅಷ್ಟ ಗೊತ್ತು. ಮದುವಿ ಆದ ಮ್ಯಾಲೆ ಹೆಸರು ಬದ್ಲಿ ಮಾಡಿದ್ರಂತ, ಮೊದಲಿನ ಹೆಸರು ಯಾರಿಗೂ ನೆನಪಿಲ್ಲ. ಹಿತ್ತಾಳಿ ಸಾಮಾನು ಒಂದೊಂದ ಹುಣಚಿ ಹಣ್ಣು ಹಚ್ಚಿ ತಿಕ್ಕಿದ್ವಿ. ಮೂರನೇ ತಂಬಿಗಿ ಕೊಳ್ಳಿನ ಸುತ್ತ ಚುಕ್ಕಿ ಚುಕ್ಕಿ ಹೊಡದು ಅಕ್ಷರ ಬರ್ಸಿದ್ರು, ಸವದು ಸವದು ಕೆಲವು ಚುಕ್ಕಿ ಬೆರಳಿಗೆ ಮಾತ್ರ ಸಿಗ್ತಾವ, ಕಣ್ಣಿಗೆ ಕಾಣಂಗಿಲ್ಲ. ಕಾಡಿಗಿ ತಿಕ್ಕಿ ಒರಸಿದೆ, ಅಕ್ಷರ ಎದ್ವು. ಮಗಳು ಇಂಥಾಕಿಗೆ, ಒಂದು ಊರಿನ ಹೆಸರು, 1952. ಅಮ್ಮನ ಅಪ್ಪ ಮದುವ್ಯಾಗ ಕೊಟ್ಟ ಆಹೇರಿ. ಮಗಳ ಹೆಸರು ಅಂದ್ರ ಅಮ್ಮನ ತವರು ಮನಿ ಹೆಸರು. ಅವ್ವ ಆ ಹೆಸರನ್ನ ಎರಡು ಸಲ ಬಾಯಿ ಬಿಟ್ಟು ಕರದ್ಲು, ಕರದು ಸುಮ್ಮನ ಕುಂತ್ಲು.

ಆ ಊರು ಮಸ್ಕಿ ಹತ್ರ. ಮಸ್ಕಿ ಗೊತ್ತಲ್ಲ, 1915ರಾಗ ಅಲ್ಲಿ ಗುಡ್ಡದ ಬಂಡಿ ಮ್ಯಾಲೆ ಅಶೋಕನ ಶಾಸನ ಸಿಕ್ತು. ಅಲ್ಲಿತನಕ ಸಿಕ್ಕ ಶಾಸನದಾಗೆಲ್ಲಾ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಬಿರುದು ಅಷ್ಟ ಇದ್ವು, ಆ ಬಿರುದಿನವ ಅಶೋಕನ ಅಂತ ಹೆಸರು ಕೂಡ್ಸಿ ತೋರ್ಸಿದ್ದು ಮಸ್ಕಿ ಬಂಡಿ. ನಮ್ಮಮ್ಮನೂ ನಮ್ಮ ಮನ್ಯಾಗ ಬರೇ ಹಿರೇಸೊಸಿ ಇದ್ಲು, ದೊಡ್ಡವ್ವ ಇದ್ಲು. ಹೆಸರು ತಂಬಿಗಿ ಮ್ಯಾಲೆ ಇತ್ತು. ನಿಮ್ಮ ಮನ್ಯಾಗ ಹಳೇ ಹಿತ್ತಾಳಿ, ತಾಮ್ರ ಇದ್ರ ಮೋಡ್ಕಾಕ ಹಾಕೋಕಿಂತ ಮೊದ್ಲ ಕೊಳ್ಳು, ಅಂಚು, ತಳ ತಿರಗಿಸಿ ನೋಡ್ರಿ, ದಯವಿಟ್ಟು.

ಹೆಳವರು ಇನ್ನೂ ಊರಾಗ ಇದ್ರು, ಗುಡಿ ಬಯಲಾಗ. ಮೂರನೇ ದಿನ ನಾನು ಒಂದು ಹಾಳಿ ಮ್ಯಾಲೆ ಹೆಸರು ಬರ್ಕೊಂಡು ಅವರ ಟೆಂಟಿಗೆ ಹೋದೆ. ಅಮ್ಮಂದು ಎರಡೂ ಹೆಸರು, ಅವ್ವಂದು, ಇಬ್ಬರು ಅತ್ತೀರದು, ನಂದು. ಬರೀರಿ ಅಜ್ಜಾರ ಅಂದೆ. ನಮ್ಮಪ್ಪ ಬರ್ದಿಲ್ಲ ಯವ್ವಾ, ನಾ ಹೆಂಗ ಬರೀಲಿ, ಅಂದ್ರು. ನಾನು ತಂಬಿಗಿ ಒಯ್ದಿದ್ದೆ, ಅವರ ಕೈಯಾಗ ಕೊಟ್ಟೆ. ಚಾಳೀಸು ಏರ್ಸಿ, ಬೆರಳಿಲೆ ಚುಕ್ಕಿ ಸವರ್ಕೋತ ಅಷ್ಟೂ ಓದಿದ್ರು. ಮಗನ ಕಡಿ ನೋಡಿದ್ರು, ಅವ ಪೆನ್ನು ಕೊಟ್ಟ. ನಮ್ಮ ಪುಟ ಅಡ್ಡ ತಿರಗಿಸಿ, ಅಂಚಿನ್ಯಾಗ ಜಾಗ ಮಾಡಿ, ಸಣ್ಣ ಅಕ್ಷರದಾಗ ಆರು ಹೆಸರೂ ಬರದ್ರು. ಬಾಲ್ ಪೆನ್ ಮಸಿ ನಡುವ ಕೈಕೊಟ್ತು, ಅವ್ವನ ಹೆಸರಿನ ಎರಡು ಅಕ್ಷರ ತಿದ್ದಿ ತಿದ್ದಿ ಬರದ್ರು.

ನನ್ನ ಮಗಳ ಹೆಸರೂ ಹಾಕ್ರಿ ಅಂದೆ. ಅದಕ್ಕ ಮಾತ್ರ ಒಪ್ಪಲಿಲ್ಲ, ಅದು ನಿನ್ನ ಗಂಡನ ಮನಿ ಹೆಳವ ಬರೀಬೇಕು, ಇನ್ನೊಬ್ಬರ ಮನೆತನ ನಾ ಮುಟ್ಟಂಗಿಲ್ಲ, ಅಂದ್ರು.

ಹಂಗಾಗಿ ಈಗ ಅವರನ್ನ ಹುಡುಕಾಕತ್ತೀನಿ. ನಮ್ಮ ಯಜಮಾನರ ಮೂಲ ಸಿರುಗುಪ್ಪ ಕಡಿ, ಅವರ ಮನಿಗೆ ಹೆಳವರು ಬಂದು ಇಪ್ಪತ್ತು ವರ್ಷದ ಮ್ಯಾಲಾತಂತ, ಬದುಕ್ಯಾರೋ ಇಲ್ಲೋ, ಪುಸ್ತಕ ಯಾರ ಹತ್ರ ಐತೋ ಮಾವಾರಿಗೂ ಗೊತ್ತಿಲ್ಲ. ಸಿರುಗುಪ್ಪ, ತೆಕ್ಕಲಕೋಟಿ ಸುತ್ತ ನಿಮ್ಮ ಊರಿಗೆ ಹೆಳವರು ಬಂದು ಟೆಂಟ್ ಹಾಕಿದ್ದು ಕಂಡ್ರ ನಂಗೊಂದು ಮೆಸೇಜ್ ಹಾಕ್ರಿ, ರಾತ್ರಿ ಆದ್ರೂ ಪರವಾಗಿಲ್ಲ, ಬಸ್ ಹಿಡದು ಬರ್ತೀನಿ.